ಒತ್ತು

ಮಂಗಳವಾರ ಸಂಜೆ, ಓಲ್ಡಮ್ ಊರಿನ ಲೈಬ್ರರಿಯ ಮಹಡಿ.
ಹೀಟರು ಕೆಮ್ಮುತ್ತದೆ, ಕಾಯುವುದಿಲ್ಲ.
ಗ್ಲೆನಿಸ್ ಆಶ್ವರ್ತ್ ಟೀಚರು ಬಿಳಿ ಹಲಗೆಯ ನಟ್ಟನಡುವೆ
ಮೇಲಿಂದ ಕೆಳಗೆ ಒಂದು ಗೆರೆ ಎಳೆದರು.

ಎಡಗಡೆ ಚಳಿ, ಹಸಿವು, ದಣಿವು, ಚಂದ.
ಇವಕ್ಕೆ ಮೆಟ್ಟಿಲುಂಟು; ವೆರಿ ಎಂಬ ಕಂಬಿ ಹಿಡಿದು
ಎಷ್ಟು ಬೇಕೋ ಅಷ್ಟು ಹತ್ತಿ.
ಬಲಗಡೆ ಫ್ರೀಜಿಂಗ್, ಪರ್ಫೆಕ್ಟ್, ಡೆಡ್.
ಇವು ಆಗಲೇ ತುತ್ತತುದಿಯಲ್ಲಿ ಕೂತಿವೆ,
ಮೇಲೆ ಬರೀ ಆಕಾಶ.
ಬೇಕೇ ಬೇಕೆಂದರೆ ಆಬ್ಸೊಲ್ಯೂಟ್ಲಿ ಅನ್ನಿ:
ಅದು ಏರಿಸುವುದಿಲ್ಲ, ಮೊಹರು ಒತ್ತುತ್ತದೆ, ಅಷ್ಟೆ.

ನಾನು ಜೆರಾಕ್ಸ್ ಹಂಚುವವಳು. ಹಿಂದಿನ ಕುರ್ಚಿ ನನ್ನದು.

ದಾನುತೆ ಎದ್ದು ನಿಂತಳು: ಐ ಆಮ್ ವೆರಿ ಫ್ರೀಜಿಂಗ್.
ತಪ್ಪು, ಎಂದರು ಟೀಚರು, ಮೆಲ್ಲಗೆ.
ಹತ್ತು ತಾಸು ಕೋಲ್ಡ್ ಸ್ಟೋರೇಜಿನಲ್ಲಿ
ಬಟಾಣಿ ಮೂಟೆ ಎತ್ತಿಟ್ಟು ಬಂದವಳು;
ಹೆಪ್ಪಿನಾಚೆಗೂ ಒಂದು ಹೆಪ್ಪು ಕಂಡವಳು.
ತಿದ್ದಿಕೊಂಡಳು. ಕೈಗವಸು ಮಾತ್ರ ಬಿಚ್ಚಲಿಲ್ಲ.

ಹೀವಾ ಕೇಳಿದ: ನನ್ನ ಗಾರೆಕೆಲಸ ನೋಡಿ
ಮಾಲೀಕ ಕ್ವೈಟ್ ಗುಡ್ ಅಂದ.
ಹೆಂಡತಿಗೆ ಕೇಕು ಕೊಂಡು ಮನೆಗೆ ಹೋದೆ. ಸರಿ ತಾನೆ?
ಟೀಚರು ಕಿಟಕಿಯ ಕಡೆ ನೋಡಿದರು.
ಕೇಕು ಚೆನ್ನಾಗಿತ್ತಾ, ಎಂದರು.

ಆಮೇಲೆ ಕಾಲ್ಮಾನ್. ಎಪ್ಪತ್ತೊಂದು ವರ್ಷ.
ಬುಡಾಪೆಸ್ಟಿನ ಟ್ರಾಮುಗಳನ್ನು ರಿಪೇರಿ ಮಾಡಿದ ಬೆರಳು,
ಈಗ ಮಗಳ ಮನೆಯಲ್ಲಿ ಮೊಮ್ಮಗುವಿನ ಗಿಲಕಿ ರಿಪೇರಿ.
ಹಾಳೆ ದೂರ ಹಿಡಿದು ಓದಿದರು:
ಮೈ ವೈಫ್ ಈಸ್ ವೆರಿ ಡೆಡ್.

ಯಾರೋ ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು.
ಕೆಂಪು ಪೆನ್ನು ಗಾಳಿಯಲ್ಲೇ ನಿಂತಿತು.
ಸಾವಿಗೆ ವೆರಿ ಹತ್ತುವುದಿಲ್ಲ, ಕಾಲ್ಮಾನ್.
ಇರುತ್ತಾರೆ, ಇಲ್ಲವೇ ಇರುವುದಿಲ್ಲ.

ಅವರು ಒಪ್ಪಲಿಲ್ಲ.
ಮುರುಕು ಇಂಗ್ಲಿಷಿನಲ್ಲಿ ಒಂದೊಂದೇ ಬೆರಳು ಮಡಿಸಿದರು:
ಮಾರ್ಚಿನಲ್ಲಿ ಸತ್ತಳು ಎತೆಲ್ಕಾ, ಆದರೆ ಸ್ವಲ್ಪ.
ಕೋಟಿನ ಜೇಬಿನಲ್ಲಿ ಅವಳ ಪೆಪ್ಪರ್‌ಮಿಂಟು ಇತ್ತು.
ಹಳೆಯ ನಂಬರಿಗೆ ಫೋನು ಮಾಡಿದರೆ
ನಾವು ಮನೆಯಲ್ಲಿಲ್ಲ ಎಂದು ಅವಳೇ ಹೇಳುತ್ತಿದ್ದಳು.
ಆಗಸ್ಟಿನಲ್ಲಿ ಕಂಪನಿಯವರು ಲೈನು ಕಿತ್ತರು.
ಈಗ, ವೆರಿ.

ನನ್ನ ಮಾತಿನಲ್ಲಿದೆ ಆ ಮೆಟ್ಟಿಲು.
ಬಯಲಿಗೆ ಬಟ್ಟ, ಕೊನೆಗೆ ಕೊಟ್ಟ ಕೊಟ್ಟ ಭಾಷೆ
ಸಾವನ್ನೂ ಬರಿಗೈಯಲ್ಲಿ ಕಳಿಸಿಲ್ಲ:
ಸತ್ತರು.
ಸತ್ತುಹೋದರು.
ಸತ್ತೇಹೋದರು.
ಹೇಳಬೇಕೆನಿಸಿತು. ಜೆರಾಕ್ಸ್ ಹಾಳೆ ಎಣಿಸಿದೆ.
ಹದಿನಾಲ್ಕು ಇದ್ದವು. ಮತ್ತೆ ಎಣಿಸಿದೆ.

ಕ್ಲಾಸು ಮುಗಿದು ಬಸ್ ಸ್ಟಾಪು, ಜಿನುಗು ಮಳೆ.
ಮೂಗಿಗೆ ರಿಂಗು ಹಾಕಿದ ಹುಡುಗಿಯೊಬ್ಬಳು
ಬಿಸಿ ಚಿಪ್ಸ್ ಊದಿಕೊಂಡು ತಿನ್ನುತ್ತಾ
ಕಾಲ್ಮಾನರ ತಲೆ ನೋಡಿ ಅಂದಳು:
ನಿಮ್ಮ ಟೋಪಿ, ಡೆಡ್ ನೈಸ್.

ಅವರು ಟೋಪಿ ತೆಗೆದು ದೀಪಕ್ಕೆ ಹಿಡಿದರು.
ಹಸಿರು ಉಣ್ಣೆ. ಎಡಗಿವಿಯ ಬಳಿ
ಲೆಕ್ಕ ತಪ್ಪಿದ ಎರಡು ಹೆಣಿಗೆ.
ಹೆಣೆದವಳು ಯಾರೆಂದು
ಈ ಹುಡುಗಿಗೆ ಹೇಗೆ ಗೊತ್ತಾಯಿತು?
ಬಸ್ಸು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು.
ತಲೆ ಒದ್ದೆಯಾಗುತ್ತಿತ್ತು.

ಮುಂದಿನ ಮಂಗಳವಾರ ಕೇಳಿಯೇಬಿಟ್ಟರು.
ಟೀಚರ ಕಿವಿ ಕೆಂಪಾಯಿತು.
ಪುಸ್ತಕದಲ್ಲಿಲ್ಲ ಅದು. ಆದರೆ ಈ ಕಡೆಯವರು ಅನ್ನುತ್ತೇವೆ.
ನಮ್ಮಮ್ಮ ಚಹಾಕ್ಕೂ ಅನ್ನುತ್ತಿದ್ದಳು.
ಡೆಡ್ ಅಂದರೆ ಇಲ್ಲಿ
(ಸ್ವಲ್ಪ ತಡೆದರು)
ವೆರಿ.

ಬಲಗಡೆಯ ಡೆಡ್ ಅನ್ನು ಅಂಗೈಯಿಂದ ಒರೆಸಿದರು.
ಎಡಕ್ಕೆ ಬರೆಯಹೋದರು, ಅಲ್ಲೂ ಕೂರಲಿಲ್ಲ.
ಮಾರ್ಕರಿನ ಮುಚ್ಚಳ ಹಾಕಿದರು, ತೆಗೆದರು.

ಕಾಲ್ಮಾನ್ ಅಷ್ಟರಲ್ಲಿ ತಲೆ ಬಗ್ಗಿಸಿ
ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು,
ಒತ್ತಿ ಒತ್ತಿ,
ಕೆಳಗಿನ ಮೂರು ಖಾಲಿ ಹಾಳೆಗೂ ಮೂಡುವ ಹಾಗೆ.